ಎಡಗಡೆ ಆಕ್ಸಲ್, ಮನೆ ಅಂಗಳದಲ್ಲೇ

ಹಳೇ ಸ್ವಿಫ್ಟ್ ಪೆಟ್ರೋಲ್ ಗಾಡಿಯ ಎಡಗಡೆ ಆಕ್ಸಲ್, ಅಂದರೆ ಗಿಯರ್‌ಬಾಕ್ಸಿನಿಂದ ಮುಂದಿನ ಚಕ್ರಕ್ಕೆ ತಿರುಗುವ ಬಲ ಒಯ್ಯುವ ಷಾಫ್ಟ್, ಮನೆ ಅಂಗಳದಲ್ಲೇ ಬದಲಿಸಿದೆ. ಈಗ ಒಂದು ಮಳೆಗಾಲ ದಾಟಿತು. ಸ್ಟೇರಿಂಗ್ ಪೂರ್ತಿ ತಿರುಗಿಸಿದರೂ ಕಟಕಟ ಇಲ್ಲ, ಗಿಯರ್ ಆಯಿಲ್ ಒಂದು ಹನಿ ಸೋರಿಲ್ಲ. "ಲಿಫ್ಟ್ ಇಲ್ದ ಆಗಂಗಿಲ್ರಿ, ಸುಮ್ನ ರೊಕ್ಕ ಹಾಳ ಮಾಡ್ಕೋತೀರಿ" ಅಂದಿದ್ದ ಮಿಸ್ತ್ರಿ ಮೊನ್ನೆ ತಾವೇ ಬಗ್ಗಿ ನೋಡಿ ಹೋದರು.

ನಮ್ಮ ಹೊಲ ಅಣ್ಣಿಗೇರಿ ಕಡೆ. ಹುಬ್ಬಳ್ಳಿಯ ಗುಂಡಿಗಳನ್ನು ಗಾಡಿ ಹೇಗೋ ತಡೆದುಕೊಳ್ಳುತ್ತದೆ, ಹೊಲದ ಎರಿ (ಕಪ್ಪು) ಮಣ್ಣನ್ನು ತಡೆಯಲ್ಲ. ಆಕ್ಸಲ್ಲಿನ ಎರಡೂ ತುದಿಯ ಜಾಯಿಂಟಿಗೆ ಗ್ರೀಸ್ ತುಂಬಿದ ರಬ್ಬರ್ ಕವಚ ಇರುತ್ತದೆ, ಅದೇ ಬೂಟ್. ಅದು ಸ್ವಲ್ಪ ಹರಿದರೆ ಸಾಕು, ಮಣ್ಣು ಗ್ರೀಸ್ ಜೊತೆ ಕಲೆತು ಜಾಯಿಂಟನ್ನು ಸಾಣೆ ಹಿಡಿದ ಹಾಗೆ ಸವೆಸುತ್ತದೆ. ಮೊದಲು ಅಂಟಿಸುವ ಬೂಟ್ ಹಾಕಿ ನೋಡಿದೆ, ಜಾಯಿಂಟ್ ಬಿಚ್ಚದೇ ಸುತ್ತುವಂಥದ್ದು. ಮುನ್ನೂರೋ ಮುನ್ನೂರೈವತ್ತೋ. ಮೊದಲ ಮಳೆಗೇ ಬಾಯಿ ಬಿಟ್ಟಿತು. ಆಮೇಲೆ ಒಂದು ಗ್ಯಾರೇಜಿನಲ್ಲಿ ಹೊರಗಿನ, ಅಂದರೆ ಚಕ್ರದ ಕಡೆಯ ಸಿ.ವಿ. ಜಾಯಿಂಟ್ (ಚಕ್ರ ವಾಲಿದರೂ ಒಂದೇ ಸಮ ತಿರುಗಿಸುವ ಜಾಯಿಂಟ್) ಮಾತ್ರ ಬದಲಿಸಿದರು. ಕೂಲಿ ಸೇರಿ ಎರಡೂವರೆ ಸಾವಿರದ ಹತ್ತಿರ ಹೋಯಿತು. ತಿರುವಿನ ಸದ್ದು ನಿಂತಿತು, ಆದರೆ ಆಕ್ಸಲರೇಟರ್ ಒತ್ತಿದರೆ ನಡುಕ. ಗಿಯರ್‌ಬಾಕ್ಸ್ ಕಡೆಯ ಒಳಗಿನ ಜಾಯಿಂಟೂ ಸವೆದಿತ್ತು. ಪೂರ್ತಿ ಆಕ್ಸಲ್‌ಗೆ ಅದೇ ಗ್ಯಾರೇಜ್ ಒಂಬತ್ತು ಸಾವಿರ ಹೇಳಿತು. ಅಲ್ಲಿಗೆ ನನ್ನ ತಲೆ ಕೆಟ್ಟಿತು.

ಹುಬ್ಬಳ್ಳಿಯ ಗೋಕುಲ ರೋಡಿನಲ್ಲಿ ಸಾಮಾನು ತಂದೆ. "ಎಬಿಎಸ್ ಐತೇನ್ರಿ ಗಾಡಿಗೆ?" ಅಂತ ಅಂಗಡಿಯವರು ಮೊದಲೇ ಕೇಳಿದ್ದು ಒಳ್ಳೆಯದಾಯಿತು. ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗದಂತೆ ನೋಡುವ ವ್ಯವಸ್ಥೆ) ಇರುವ ಗಾಡಿಯ ಆಕ್ಸಲ್ ಬೇರೆ, ಇಲ್ಲದ್ದರದ್ದು ಬೇರೆ. ಎಡಗಡೆಯದ್ದು, ಬಲಗಡೆಯದ್ದು ಉದ್ದದಲ್ಲೂ ಬೇರೆ. ಆಕ್ಸಲ್ ಮೂರೂವರೆ ಸಾವಿರದೊಳಗೆ, ಆಯಿಲ್ ಸೋರದಂತೆ ತಡೆಯುವ ಆಯಿಲ್ ಸೀಲ್, ಷಾಫ್ಟ್ ತುದಿಯನ್ನು ಚಕ್ರದ ನಡುವಿನ ಹಬ್‌ಗೆ ಬಿಗಿಯುವ ಹೊಸ ಹಬ್ ನಟ್, ಗಿಯರ್ ಆಯಿಲ್ ಎಲ್ಲ ಸೇರಿ ನಾಲ್ಕೂವರೆ ಸಾವಿರ ಆಗಿರಬೇಕು.

ಎಲ್ಲಕ್ಕಿಂತ ಕಾಡಿದ್ದು ಹಬ್ ನಟ್. ಅದರ ಅಂಚನ್ನು ಷಾಫ್ಟ್‌ನ ಕಚ್ಚಿಗೆ ಬಡಿದು ಕೂರಿಸಿರುತ್ತಾರೆ. ಚಾಣ ಇಟ್ಟು ಅದನ್ನು ಎತ್ತಿದೆ. ಚಕ್ರ ನೆಲದ ಮೇಲಿರುವಾಗಲೇ ಸಡಿಲಿಸಬೇಕು. ತಮ್ಮನ ಮಗ ಬ್ರೇಕ್ ಒತ್ತಿ ಕೂತ, ನಾನು ಪಾನಾ ಹಾಕಿ ಜಗ್ಗಿದೆ. ಪಾನಾದ ಹಿಡಿ ಬಾಗಿತು, ನಟ್ ಜಪ್ಪಯ್ಯ ಅನ್ನಲಿಲ್ಲ. ಬೋರ್‌ವೆಲ್‌ನ ಹಳೇ ಪೈಪಿನ ತುಂಡು, ನಾಲ್ಕು ಫೂಟಿನಷ್ಟು, ಸಿಗಿಸಿದ ಮೇಲೆ ಕಿರ್ರ್ ಅಂತ ಬಂತು. ಸಡಿಲಾಗಲಿ ಅಂತ ಹಿಂದಿನ ರಾತ್ರಿ ನಟ್‌ಗೆ ಏನು ಹಾಕಿಟ್ಟಿದ್ದೆ ಅನ್ನೋದು ಇಲ್ಲಿ ಬೇಡ. ಡೀಸೆಲ್ ಅಲ್ಲ, ಅಷ್ಟು ಹೇಳುತ್ತೇನೆ. ನಟ್ ಬಿಚ್ಚಿದ ಮೇಲೆ ಗಾಡಿಯ ಭಾರ ಆ ಚಕ್ರದ ಮೇಲೆ ಬಿಡಬೇಡಿ, ಬೇರಿಂಗ್ ಹೋಗುತ್ತದೆ. ಬರೀ ಜಾಕ್ ನಂಬಿ ಕೆಳಗೆ ಹೋಗುವುದೂ ಬೇಡ, ಸ್ಟ್ಯಾಂಡ್ ಇಡಿ.

ಷಾಫ್ಟ್ ಹೊರಗೆ ತೆಗೆಯಲು ಜಾಗ ಬೇಕಲ್ಲ, ಅದಕ್ಕೆ ಎಲ್ಲರೂ ಚಕ್ರದ ಕೆಳಗಿನ ಬಾಲ್ ಜಾಯಿಂಟ್ ಬಿಚ್ಚು ಅಂದರು. ನಾನು ಅದನ್ನು ಮುಟ್ಟಲೇ ಇಲ್ಲ. ಬ್ರೇಕ್ ಪೈಪಿನ ಕ್ಲಾಂಪ್ ಬಿಡಿಸಿ, ಸ್ಟ್ರಟ್‌ನ (ಸ್ಪ್ರಿಂಗ್ ಜೊತೆಗಿರುವ ಶಾಕ್ ಅಬ್ಸಾರ್ಬರ್) ಎರಡು ಬೋಲ್ಟ್ ತೆಗೆದು, ಹಬ್ ಕೂತಿರುವ ನಕಲ್ಲನ್ನು ಹೊರಗೆ ವಾಲಿಸಿದೆ. ಬೋಲ್ಟ್ ತೆಗೆಯುವ ಮೊದಲು ಅವುಗಳ ಜಾಗಕ್ಕೆ ಹೆಂಡತಿಯ ನೇಲ್ ಪಾಲಿಶ್‌ನಿಂದ ಗುರುತು ಹಾಕಿದ್ದೆ. ಬೈಸಿಕೊಂಡೆ, ಇರಲಿ. ಷಾಫ್ಟ್ ಹಬ್‌ನಲ್ಲಿ ಕಚ್ಚಿಕೊಂಡಿತ್ತು. ಹಳೇ ನಟ್ಟನ್ನೇ ತುದಿಗೆ ಸಮ ಬರುವ ಹಾಗೆ ತಿರುಗಿಸಿ, ಕಟ್ಟಿಗೆ ತುಂಡು ಇಟ್ಟು ಬಡಿದೆ.

ಗಿಯರ್‌ಬಾಕ್ಸ್ ಕಡೆಯ ತುದಿ ಬಿಡಿಸುವಾಗ ಷಾಫ್ಟ್ ಹಿಡಿದು ಎಳೆಯಬಾರದು, ಜಾಯಿಂಟ್ ಒಳಗೇ ಬಿಚ್ಚಿಕೊಳ್ಳುತ್ತದೆ. ಜಾಯಿಂಟ್ ಮತ್ತು ಗಿಯರ್‌ಬಾಕ್ಸ್ ನಡುವೆ ಟಾಮಿ (ಮೀಟುವ ಕಬ್ಬಿಣದ ಸರಳು) ಕೊಟ್ಟು ಮೀಟಬೇಕು. ಟಕ್ ಅಂತ ಅದನ್ನು ಹಿಡಿದಿಟ್ಟ ತಂತಿಯ ಉಂಗುರ, ಸರ್ಕ್ಲಿಪ್, ಬಿಡುತ್ತದೆ, ಹಿಂದೆಯೇ ಆಯಿಲ್. ಅದನ್ನು ಮೊದಲೇ ಇಳಿಸಿಟ್ಟಿದ್ದೆ, ಆದರೂ ಉಳಿದದ್ದು ಸ್ವಲ್ಪ ಬಂದೇ ಬಂತು. ಹೊಸ ಸೀಲನ್ನು ಪಿವಿಸಿ ಪೈಪಿನ ತುಂಡಿನಿಂದ ಸುತ್ತಲೂ ಸಮನಾಗಿ ತಟ್ಟಿ ಕೂರಿಸಿದೆ. ಹೊಸ ಆಕ್ಸಲ್ ಕೂತಿತೋ ಇಲ್ಲವೋ ಅಂತ ಜಾಯಿಂಟ್ ಹಿಡಿದು ಮೆಲ್ಲಗೆ ಎಳೆದು ನೋಡಿ, ಬರಬಾರದು.

ಹೊಸದನ್ನು ಹಾಕುವ ಮೊದಲು, ಮಧ್ಯೆ ಸುಮ್ನೆ ಇರಲಾರದೆ ಹಳೆಯ ಒಳ ಜಾಯಿಂಟನ್ನು ಷಾಫ್ಟ್‌ನಿಂದ ಬಿಡಿಸಿ ಮತ್ತೆ ಗಿಯರ್‌ಬಾಕ್ಸಿಗೆ ತುರುಕಿ ನೋಡಿದೆ. ಎಂಥಾ ಮುಚ್ಚಳ ಅಂತೀರಿ! ತೊಟ್ಟಿಕ್ಕುವುದು ನಿಂತಿತು. ಈಗ ಅದನ್ನು ತೊಳೆದು ಎತ್ತಿಟ್ಟಿದ್ದೇನೆ. ಅದರ ಮೂರು ರೋಲರ್ ಓಡುವ ಗೋಡೆಯಲ್ಲಿ ತಗ್ಗು ಬಿದ್ದಿತ್ತು, ಬೆರಳಾಡಿಸಿದರೆ ಉಗುರು ಸಿಕ್ಕಿಕೊಳ್ಳುವಷ್ಟು. ಗಾಡಿ ಯಾಕೆ ನಡುಗುತ್ತಿತ್ತು ಅಂತ ಆಗ ಗೊತ್ತಾಯಿತು.

ಗಿಯರ್ ಆಯಿಲ್ಲನ್ನು ಲೆವೆಲ್ ತೂತಿನಿಂದ ಹೊರಗೆ ಬರುವವರೆಗೆ ಹಾಕಿದೆ, ಎರಡು ಲೀಟರಿನಷ್ಟು ಹಿಡಿಯಿತು. ಹಬ್ ನಟ್ಟನ್ನು ಚಕ್ರ ಇಳಿಸುವ ಮೊದಲೇ ಬಿಗಿಯಾಗಿ ಹಾಕಿ, ನೆಲಕ್ಕಿಳಿಸಿದ ಮೇಲೆ ಪೂರ್ತಿ ಬಿಗಿ ಮಾಡಿದ್ದು ನನ್ನ ನೆನಪಿಗೆ 175 ನ್ಯೂಟನ್ ಮೀಟರ್ ಆಸುಪಾಸು. ನಿಮ್ಮ ಗಾಡಿಯ ಮ್ಯಾನ್ಯುವಲ್ ನೋಡಿಕೊಳ್ಳಿ. ಆಮೇಲೆ ಹೊಸ ನಟ್‌ನ ಅಂಚು ಬಡಿದೆ.

ಮರುದಿನ ಅಲೈನ್‌ಮೆಂಟ್‌ಗೆ ಒಯ್ದೆ. ಕ್ಯಾಂಬರ್ (ಚಕ್ರ ಮೇಲಿಂದ ಕೆಳಕ್ಕೆ ವಾಲುವ ಕೋನ) ಕದಲಿರಲಿಲ್ಲ. ಟೋ (ಚಕ್ರಗಳ ಮುಂಭಾಗ ಒಳಗೋ ಹೊರಗೋ ತಿರುಗಿರುವುದು) ಸ್ವಲ್ಪ ಸರಿಮಾಡಿ ನಾನೂರು ತಗೊಂಡರು.