ಅಂಗಳದ ಕಲ್ಲುಸಂದಿನ ಕಳೆ: ಕೀಳುವ ಕ್ರಮ, ಮರಳಿ ಬಾರದಂತೆ ತಡೆಯುವ ಕ್ರಮ

ಮನೆಯ ಮುಂದೆ ಇಂಟರ್‌ಲಾಕ್ ಕಲ್ಲು ಹಾಸಿದ ಮೊದಲ ವರ್ಷ ಅಂಗಳ ಅಚ್ಚುಕಟ್ಟಾಗಿಯೇ ಇರುತ್ತದೆ. ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಸಂದುಸಂದಿನಲ್ಲಿ ಗರಿಕೆ, ನೆಲನೆಲ್ಲಿ, ಪುಲ್ಲಂಪುರಚಿ ತಲೆಯೆತ್ತುತ್ತವೆ. ಇವೆಲ್ಲ ಕಲ್ಲಿನಡಿಯಿಂದ ಮೇಲೆದ್ದು ಬಂದವು ಎಂದು ಭಾವಿಸಿ ಕಲ್ಲು ಹಾಸಿದವರನ್ನು ದೂರುವುದು ವಾಡಿಕೆ. ಆದರೆ ಬಹುಪಾಲು ಬೀಜ ಬೀಳುವುದು ಮೇಲಿನಿಂದಲೇ; ಗಾಳಿ, ಹಕ್ಕಿ, ಇರುವೆ, ಚಪ್ಪಲಿಯ ಅಡಿ, ವಾಹನದ ಚಕ್ರ ಎಲ್ಲವೂ ಅದನ್ನು ಹೊತ್ತು ತರುತ್ತವೆ. ಸಂದಿನಲ್ಲಿ ತುಂಬಿದ್ದ ಮರಳು ಮಳೆನೀರಿಗೆ ಕೊಚ್ಚಿಹೋಗಿ, ಆ ಜಾಗದಲ್ಲಿ ರಸ್ತೆಯ ದೂಳೂ ಕೊಳೆತ ಎಲೆಯೂ ಸೇರಿ ಮಣ್ಣಾಗುತ್ತದೆ, ಆ ಮಣ್ಣೇ ಬೀಜಕ್ಕೆ ಸಸಿಮಡಿಯಾಗುತ್ತದೆ. ಆದ್ದರಿಂದ ಕಳೆಯನ್ನು ಕಿತ್ತು ಮಣ್ಣನ್ನು ಅಲ್ಲಿಯೇ ಬಿಟ್ಟರೆ ಅರ್ಧ ಕೆಲಸವೂ ಆದಂತಲ್ಲ.

ಕೀಳುವ ಮೊದಲು ಯಾವ ಕಳೆ ಎಂಬುದನ್ನು ನೋಡಿಕೊಳ್ಳಬೇಕು. ನೆಲನೆಲ್ಲಿ, ಗೋಣಿಸೊಪ್ಪು, ಪಾರ್ಥೇನಿಯಂ ಮುಂತಾದವು ಬೀಜದಿಂದ ಹುಟ್ಟಿ ಬೀಜ ಬಿಟ್ಟು ಸಾಯುವ ಗಿಡಗಳು. ಹೂ ಬಿಡುವ ಮೊದಲೇ ಕಿತ್ತರೆ ಅವುಗಳ ಕಥೆ ಮುಗಿಯಿತು. ಮಳೆ ನಿಂತ ಮರುದಿನ, ಸಂದು ಇನ್ನೂ ಹಸಿಯಾಗಿರುವಾಗ, ಗಿಡದ ಬುಡವನ್ನು ಕಲ್ಲಿನ ಮಟ್ಟದಲ್ಲಿ ಹಿಡಿದು ನಿಧಾನವಾಗಿ ಎಳೆದರೆ ತಾಯಿಬೇರಿನ ಸಮೇತ ಬರುತ್ತದೆ. ಒಣನೆಲದಲ್ಲಿ ಎಳೆದರೆ ಕಾಂಡ ತುಂಡಾಗಿ, ಕೆಲವೇ ದಿನಗಳಲ್ಲಿ ಬುಡದಿಂದ ಮತ್ತೆ ಚಿಗುರುತ್ತದೆ. ಜನ ಕಾಂಗ್ರೆಸ್ ಗಿಡ ಎಂದು ಕರೆಯುವ ಪಾರ್ಥೇನಿಯಂ ಮೈಗೆ ಸೋಕಿದರೆ ಕೆಲವರಿಗೆ ತುರಿಕೆ, ಗಂದೆ ಏಳುತ್ತವೆ. ಒಂದೇ ಗಿಡ ಸಾವಿರಾರು ಬೀಜ ಉದುರಿಸುವುದರಿಂದ ಬಿಳಿ ಹೂ ಕಾಣುವ ಮೊದಲೇ ಕೈಗವಸು ಹಾಕಿಕೊಂಡು ಕೀಳುವುದು ಕ್ಷೇಮ. ಪುಲ್ಲಂಪುರಚಿಯ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಅದರ ಕಾಯಿ ಬಲಿತಿದ್ದರೆ ಬೆರಳು ತಾಗುತ್ತಲೇ ಪಟ್ಟನೆ ಸಿಡಿದು ಬೀಜಗಳು ಅಕ್ಕಪಕ್ಕದ ಸಂದುಗಳಿಗೆ ಹಾರುತ್ತವೆ. ಕಾಯಿ ಹಸಿರಾಗಿರುವಾಗಲೇ ತೆಗೆದುಬಿಡಬೇಕು.

ಗರಿಕೆ ಮತ್ತು ಜೇಕು ಇಷ್ಟು ಸುಲಭಕ್ಕೆ ಜಗ್ಗುವ ಜಾತಿಯಲ್ಲ. ಗರಿಕೆಯ ಗೆಣ್ಣಿನ ಒಂದು ತುಂಡು ಉಳಿದರೂ ಅದು ಬೇರು ಬಿಡುತ್ತದೆ. ಕೊನ್ನಾರಿ ಎಂದೂ ಕರೆಯುವ ಜೇಕನ್ನು ಎಳೆದಾಗ ಎಲೆ ಮಾತ್ರ ಕೈಗೆ ಬಂದು, ಕಡಲೆಕಾಳಿಗಿಂತ ತುಸು ದೊಡ್ಡದಾದ ಕಪ್ಪು ಗಡ್ಡೆ ಮಣ್ಣಿನಲ್ಲಿಯೇ ಉಳಿಯುತ್ತದೆ. ಆ ಗಡ್ಡೆಗೆ ದಾರದಂಥ ಬೇರಿನ ಮೂಲಕ ಇನ್ನಷ್ಟು ಗಡ್ಡೆಗಳು ಸರಣಿಯಾಗಿ ಜೋಡಿಕೊಂಡಿರುತ್ತವೆ. ಜೇಕು ಒಂದೆರಡು ಕಡೆ ಮಾತ್ರ ಇದ್ದರೆ ಅಲ್ಲಿನ ಕಲ್ಲುಗಳನ್ನೇ ಎಬ್ಬಿಸಿ, ಕೆಳಗಿನ ಮಣ್ಣನ್ನು ಒಂದು ಗೇಣು ಆಳದವರೆಗೆ ಜರಡಿ ಹಿಡಿದು ಗಡ್ಡೆ ಆಯ್ದು ತೆಗೆಯುವುದು ನೇರವಾದ ದಾರಿ. ಇಡೀ ಅಂಗಳಕ್ಕೆ ಹರಡಿದ್ದರೆ, ಚಿಗುರು ಕಂಡಾಗಲೆಲ್ಲ, ಎರಡು ವಾರಕ್ಕೊಮ್ಮೆಯಾದರೂ, ತಪ್ಪದೆ ಕತ್ತರಿಸುತ್ತ ಗಡ್ಡೆಯಲ್ಲಿನ ಸಂಗ್ರಹ ಬರಿದಾಗುವವರೆಗೆ ಕಾಯಬೇಕು. ಒಂದು ಮಳೆಗಾಲಕ್ಕೆ ಇದು ಮುಗಿಯುವ ಕೆಲಸವಲ್ಲ. ಕಿತ್ತ ಗಡ್ಡೆಯನ್ನೂ ಗರಿಕೆಯ ಗೆಣ್ಣನ್ನೂ ಗೊಬ್ಬರದ ಗುಂಡಿಗೆ ಹಾಕಬಾರದು. ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಿದ ಮೇಲೆಯೇ ಹೊರಗೆ ಹಾಕಬೇಕು.

ಇನ್ನು ಸಂದು ಶುಚಿ ಮಾಡುವ ಕೆಲಸ. ಹೊಲದಲ್ಲಿ ಕಳೆ ತೆಗೆಯಲು ಬಳಸುವ ‘ಕುರ್ಚಿಗೆ’ ಎಂಬ ಸಲಕರಣೆ ಎರಡು ಮೂರು ಮಿಲಿಮೀಟರ್ ಅಗಲದ ಸಂದಿಗೆ ಇಳಿಯುವುದಿಲ್ಲ. ಹಳೆಯ ಹ್ಯಾಕ್ಸಾ ಬ್ಲೇಡಿನ ಒಂದು ತುದಿಗೆ ದಪ್ಪ ಬಟ್ಟೆ ಸುತ್ತಿ ಹಿಡಿಯಾಗಿ ಮಾಡಿಕೊಂಡರೆ ಅದಕ್ಕಿಂತ ಒಳ್ಳೆಯ ಸಾಧನ ಬೇಡ: ಬ್ಲೇಡನ್ನು ಸಂದಿನಲ್ಲಿ ನಿಲ್ಲಿಸಿ ತನ್ನತ್ತ ಎಳೆದಾಗ ಹಲ್ಲುಗಳು ಬೇರುಜಾಲವನ್ನು ಕತ್ತರಿಸುತ್ತ ಕಪ್ಪು ಮಣ್ಣನ್ನು ಸುರುಳಿಯಂತೆ ಮೇಲೆ ತರುತ್ತವೆ. ಎರಡು ಮೂರು ಸೆಂಟಿಮೀಟರ್ ಆಳದವರೆಗೆ ಹೀಗೆ ಕೆರೆದು, ಗಡುಸಾದ ಬ್ರಷ್‌ನಿಂದ ಗುಡಿಸಿ, ಆ ಮಣ್ಣನ್ನು ಅಂಗಳದಿಂದಲೇ ಹೊರಗೆ ಸಾಗಿಸಬೇಕು. ಒತ್ತಡದ ನೀರಿನ ಯಂತ್ರದಿಂದಲೂ ಕೆಲಸ ಬೇಗ ಆಗುತ್ತದೆ, ಆದರೆ ಅದು ಮಣ್ಣಿನ ಜೊತೆಗೆ ಉಳಿದ ಮರಳನ್ನೂ ಎಬ್ಬಿಸಿಬಿಡುತ್ತದೆ. ಖಾಲಿ ಸಂದನ್ನು ಹಾಗೆಯೇ ಬಿಟ್ಟರೆ ಕಲ್ಲುಗಳು ಅಲುಗಾಡತೊಡಗುತ್ತವೆ, ದೂಳು ಮೊದಲಿಗಿಂತ ಬೇಗ ತುಂಬುತ್ತದೆ. ಆದ್ದರಿಂದ ಎರಡು ಮೂರು ದಿನ ಬಿಸಿಲು ಬಿದ್ದು ಎಲ್ಲವೂ ಒಣಗಿದ ಮೇಲೆ, ಸಣ್ಣ ಜರಡಿಯಲ್ಲಿ ಜಾಲಿಸಿದ ಒಣ ಎಂ-ಸ್ಯಾಂಡನ್ನು ಹರಡಿ, ಪೊರಕೆಯಿಂದ ಓರೆಯಾಗಿ ಗುಡಿಸುತ್ತ ತುಂಬಬೇಕು. ರಬ್ಬರ್ ಸುತ್ತಿಗೆಯಿಂದ ಕಲ್ಲನ್ನು ತಟ್ಟಿದಾಗ ಮರಳು ತುಸು ಕುಸಿಯುವುದರಿಂದ ಇನ್ನೊಮ್ಮೆ ತುಂಬಬೇಕಾಗುತ್ತದೆ. ಏಪ್ರಿಲ್, ಮೇ ತಿಂಗಳು ಇದಕ್ಕೆ ಸರಿಯಾದ ಕಾಲ. ಮರಳಿನ ಬದಲು ಸಿಮೆಂಟಿನ ತಿಳಿ ಸುರಿಯುವ ಪದ್ಧತಿಯೂ ಉಂಟು. ಕಾಂಕ್ರೀಟಿನ ಮೇಲೆ ಕೂರಿಸಿದ ಚಪ್ಪಡಿಗೆ ಅದು ಸರಿಯೇ; ಮರಳಿನ ಹಾಸಿನ ಮೇಲೆ ಕುಳಿತ ಇಂಟರ್‌ಲಾಕ್ ಕಲ್ಲಿಗೆ ಸಲ್ಲದು, ಏಕೆಂದರೆ ವಾಹನದ ಭಾರಕ್ಕೆ ಕಲ್ಲು ಸ್ವಲ್ಪ ಅಲುಗಿದರೂ ಸಿಮೆಂಟು ಬಿರುಕು ಬಿಡುತ್ತದೆ, ಮಳೆನೀರು ಇಂಗುವುದೂ ನಿಲ್ಲುತ್ತದೆ.

ಕುದಿಯುವ ನೀರು ಎಳೆಯ ಸಸಿಗಳಿಗೆ ಸಾಕಾಗುತ್ತದೆ. ಗಡ್ಡೆಯವರೆಗೆ ಅದರ ಬಿಸಿ ಇಳಿಯುವುದಿಲ್ಲ. ವಿನೆಗರ್ ಮತ್ತು ಉಪ್ಪಿನ ಮನೆಮದ್ದುಗಳ ಬಗ್ಗೆ ಇಷ್ಟು ಉದಾರವಾಗಿ ಹೇಳಲಾಗದು. ಶಹಾಬಾದ್ ಮತ್ತು ಕಡಪ ಕಲ್ಲುಗಳು ಸುಣ್ಣದ ಕಲ್ಲಿನ ಜಾತಿಯವು. ಅವುಗಳ ಮೇಲೆ ವಿನೆಗರ್ ಬಿದ್ದರೆ ನುಣುಪು ಹೋಗಿ ಕಲೆ ನಿಲ್ಲುತ್ತದೆ, ಶೌಚಾಲಯ ತೊಳೆಯುವ ಆಸಿಡ್ ಅಂತೂ ಇಂಟರ್‌ಲಾಕ್ ಕಲ್ಲಿನ ಸಿಮೆಂಟನ್ನೇ ತಿನ್ನುತ್ತದೆ. ಗ್ರಾನೈಟಿಗೆ ಈ ಭಯ ಕಡಿಮೆ. ಉಪ್ಪು ಕೊಳೆತು ಹೋಗುವ ವಸ್ತುವಲ್ಲ. ಮಳೆಯೊಂದಿಗೆ ಹೂಗಿಡಗಳ ಬುಡಕ್ಕೆ ಇಳಿಯುತ್ತದೆ. ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಕಾರು ನಿಲ್ಲಿಸುವ ಜಾಗದ ಅಡಿಯಲ್ಲಿಯೇ ನೀರಿನ ಸಂಪು ಇರುತ್ತದೆ. ಮುಚ್ಚಳದ ಸುತ್ತ ಉಪ್ಪು ಸುರಿದರೆ ಅದು ಕುಡಿಯುವ ನೀರಿಗೂ, ಕಾಂಕ್ರೀಟಿನೊಳಗಿನ ಕಬ್ಬಿಣಕ್ಕೂ ತಲುಪಬಹುದು.

ಕಳೆನಾಶಕ ಔಷಧಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಕಲ್ಲುಹಾಸಿನ ಮೇಲೆ ಸಿಂಪಡಿಸಿದ್ದು ಮಳೆ ಬಂದರೆ ನೇರವಾಗಿ ಚರಂಡಿಗೆ ಅಥವಾ ಕೊಳವೆಬಾವಿಯ ಇಂಗುಗುಂಡಿಗೆ ಹರಿಯುತ್ತದೆ. ಗ್ಲೈಫೋಸೇಟನ್ನು ಕೀಟನಿಯಂತ್ರಣ ನಿರ್ವಾಹಕರ ಮೂಲಕ ಮಾತ್ರ ಬಳಸಬೇಕೆಂದು ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಆದೇಶ ಹೊರಡಿಸಿದೆ. ಪ್ಯಾರಾಕ್ವಾಟ್ ಎಲೆಯನ್ನು ಸುಡುತ್ತದೆಯೇ ಹೊರತು ಬೇರನ್ನು ಕೊಲ್ಲುವುದಿಲ್ಲ, ಮತ್ತು ಅದು ಹೊಟ್ಟೆಗೆ ಹೋದರೆ ಪ್ರತಿವಿಷವಿಲ್ಲ. ಮಕ್ಕಳಿರುವ ಮನೆಗೆ ಅದನ್ನು ತರಲೇಬಾರದು. ಮೂವತ್ತು ನಲವತ್ತರ ಅಳತೆಯ ನಿವೇಶನದ ಅಂಗಳಕ್ಕೆ ಬ್ಲೇಡು ಮತ್ತು ಪೊರಕೆ ಸಾಕು.

ಗೋಡೆಯಂಚಿನ ಬಿರುಕಿನಲ್ಲಿ ಹಕ್ಕಿಯ ಹಿಕ್ಕೆಯಿಂದ ಹುಟ್ಟುವ ಅರಳಿ ಸಸಿಯನ್ನು ಕೀಳಲು ಹಲವರಿಗೆ ಮನಸ್ಸು ಬರುವುದಿಲ್ಲ. ನಾಲ್ಕು ಎಲೆ ಇರುವಾಗಲೇ ನೀರು ಹನಿಸಿ ಬೇರಿನ ಸಮೇತ ಬಿಡಿಸಿ ಕುಂಡದಲ್ಲಿಟ್ಟು, ಬೆಳೆದ ಮೇಲೆ ತಕ್ಕ ಜಾಗ ನೋಡಿ ನೆಡಬಹುದು. ತಡಮಾಡಿದರೆ ಬೇರು ಗೋಡೆಯನ್ನು ಸೀಳುತ್ತದೆ.

ಜಲ್ಲಿ ಹರಡಿದ ಜಾಗದಲ್ಲಿ ಕೆಲಸದ ಬಹುಭಾಗ ಜಲ್ಲಿ ಸುರಿಯುವ ಮುಂಚೆಯೇ ಆಗಬೇಕು. ನೆಲವನ್ನು ಸಮಮಾಡಿ, ನೀರುಣಿಸಿ, ಬೇಸಿಗೆಯ ನಾಲ್ಕರಿಂದ ಆರು ವಾರ ಪಾರದರ್ಶಕ ಪಾಲಿಥೀನ್ ಹಾಳೆಯನ್ನು ಅಂಚು ಮುಚ್ಚಿ ಹೊದಿಸಿಟ್ಟರೆ ಮೇಲ್ಮಣ್ಣಿನ ಬೀಜಗಳಲ್ಲಿ ಹೆಚ್ಚಿನವು ಬೆಂದುಹೋಗುತ್ತವೆ. ಆಮೇಲೆ ನೀರು ಇಳಿಯಬಲ್ಲ ಜಿಯೋಟೆಕ್ಸ್‌ಟೈಲ್ ಬಟ್ಟೆಯನ್ನು ಅರ್ಧ ಅಡಿಯಷ್ಟು ಒಂದರ ಮೇಲೊಂದು ಬರುವಂತೆ ಹಾಸಿ, ಅಂಚಿಗೆ ಇಟ್ಟಿಗೆ ನಿಲ್ಲಿಸಿ, ಎರಡು ಮೂರು ಅಂಗುಲ ದಪ್ಪಕ್ಕೆ 20 ಮಿಲಿಮೀಟರ್ ಜಲ್ಲಿ ಹರಡಬೇಕು. ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಕುವುದರಿಂದ ಹಣ ಉಳಿಯಬಹುದು, ಆದರೆ ನೀರು ಅಲ್ಲಿಯೇ ನಿಲ್ಲುತ್ತದೆ. ತೆಳು ಹಾಳೆಯನ್ನು ಜೇಕಿನ ಮೊನಚು ಚಿಗುರು ಸೂಜಿಯಂತೆ ತೂರಿ ಬರುತ್ತದೆ. ಬಟ್ಟೆ ಹಾಸಿದ ಮೇಲೂ ಜಲ್ಲಿಯ ನಡುವೆ ದೂಳು ಕೂತಂತೆ ಹೊಸ ಬೀಜ ಮೊಳೆಯುತ್ತದೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಕಬ್ಬಿಣದ ಹಲ್ಲುಕುಂಟೆಯಿಂದ ಜಲ್ಲಿಯನ್ನು ಬಟ್ಟೆಗೆ ತಾಗದಂತೆ ಕದಡಿದರೆ ಎಳೆಯ ಮೊಳಕೆಗಳ ಬೇರು ಮೇಲಾಗಿ ಬಿಸಿಲಿಗೆ ಬಾಡುತ್ತವೆ. ಹೊಂಗೆ, ಮಾವು, ಮಳೆಮರದ ಎಲೆ ಉದುರುವ ಕಡೆ ಅವನ್ನು ಒಣಗಿರುವಾಗಲೇ ಗುಡಿಸಬೇಕು, ನೆನೆದ ಎಲೆ ಜಲ್ಲಿಯೊಳಗೆ ಸೇರಿದರೆ ಕೆಲವು ವರ್ಷಗಳಲ್ಲಿ ಜಲ್ಲಿಯನ್ನೇ ಎತ್ತಿ, ಜರಡಿ ಹಿಡಿದು ತೊಳೆದು ಮತ್ತೆ ಹರಡಬೇಕಾಗುತ್ತದೆ.