ಕಿವಿಯ ಕೆಳಗಿನ ಗಂಟು: ನಾನು ಶಸ್ತ್ರಚಿಕಿತ್ಸೆ ಮಾಡುವ ಬಗೆ

ಮುಂಬಯಿಯಲ್ಲಿ ತಲೆ ಮತ್ತು ಕತ್ತಿನ ಶಸ್ತ್ರಚಿಕಿತ್ಸಕನಾಗಿ ನಾನು ಕಾಣುವ ಲಾಲಾಗ್ರಂಥಿಯ, ಅಂದರೆ ಜೊಲ್ಲುಗ್ರಂಥಿಯ, ಗಡ್ಡೆಗಳಲ್ಲಿ ಹೆಚ್ಚಿನವು ಕಿವಿಯ ಬುಡದ ಪರೋಟಿಡ್ ಗ್ರಂಥಿಯವು. ಅವುಗಳಲ್ಲಿಯೂ ಬಹುಪಾಲು ಕ್ಯಾನ್ಸರ್ ಅಲ್ಲ. ಮಾಟುಂಗದ ಹೋಟೆಲೊಂದರ ಗಲ್ಲಾದಲ್ಲಿ ಕೂರುವ, ಕಾರ್ಕಳದ ಕಡೆಯ ಹಿರಿಯರೊಬ್ಬರು ಇಂಥ ಗಂಟನ್ನು ಹಲ್ಲಿನ ಬಾವೆಂದು ತಿಳಿದು ವರ್ಷಗಟ್ಟಲೆ ಇಟ್ಟುಕೊಂಡಿದ್ದರು. "ನೋವಿಲ್ಲವಲ್ಲ ಡಾಕ್ಟ್ರೇ, ಆಮೇಲೆ ನೋಡುವ ಅಂತ ಬಿಟ್ಟೆ" ಎಂದರು.

ನಾನು ಮೊದಲು ಗಂಟನ್ನು ಮುಟ್ಟುವುದಿಲ್ಲ, ಮುಖವನ್ನು ನೋಡುತ್ತೇನೆ. ಹುಬ್ಬೇರಿಸಲು, ಕಣ್ಣನ್ನು ಬಿಗಿಯಾಗಿ ಮುಚ್ಚಲು, ಹಲ್ಲು ತೋರಿಸಲು ಹೇಳುತ್ತೇನೆ. ಇವುಗಳಲ್ಲಿ ಯಾವುದಾದರೂ ಒಂದು ಕಡೆ ಸೋತಿದ್ದರೆ ಕ್ಯಾನ್ಸರಿನ ಸಂಶಯ ಬಲವಾಗುತ್ತದೆ. ಆ ಹಿರಿಯರ ಮುಖ ಎರಡೂ ಕಡೆ ಸಮನಾಗಿತ್ತು. ಸೂಜಿ ಪರೀಕ್ಷೆಯಲ್ಲಿ ಪ್ಲಿಯೋಮಾರ್ಫಿಕ್ ಅಡಿನೋಮಾ ಎಂದು ಬಂತು, ಎಂಆರ್‌ಐಯಲ್ಲಿ ಗಡ್ಡೆ ಗ್ರಂಥಿಯ ಹೊರಭಾಗದಲ್ಲಿಯೇ ಇತ್ತು. ಈ ಬಗೆಯ ಗಡ್ಡೆ ಕ್ಯಾನ್ಸರ್ ಅಲ್ಲದಿದ್ದರೂ ಹಾಗೆಯೇ ಬಿಟ್ಟರೆ ಬೆಳೆಯುತ್ತದೆ, ಕೆಲವರಲ್ಲಿ ಕಾಲಾಂತರದಲ್ಲಿ ಕ್ಯಾನ್ಸರಿಗೆ ತಿರುಗುವುದೂ ಉಂಟು.

ಗಂಟನ್ನಷ್ಟೇ ಸಣ್ಣ ಗಾಯದಲ್ಲಿ ಬಿಡಿಸಿ ತೆಗೆಯಬಾರದೇ ಎಂದು ಎಲ್ಲರೂ ಕೇಳುತ್ತಾರೆ. ಈ ಗಡ್ಡೆಯ ಹೊರಪದರ ಕೆಲವೆಡೆ ತೀರ ತೆಳು. ಅದನ್ನು ದಾಟಿ ಗಡ್ಡೆಯ ಸಣ್ಣ ಚಾಚುಗಳು ಹೊರಬಂದಿರುತ್ತವೆ. ಸುಲಿದು ತೆಗೆದರೆ ಆ ಚಾಚುಗಳು ಅಲ್ಲಿಯೇ ಉಳಿದು, ಎಷ್ಟೋ ವರ್ಷಗಳ ಮೇಲೆ ಒಂದರ ಬದಲು ಹತ್ತಾರು ಗಂಟುಗಳಾಗಿ ಮರಳಬಹುದು. ಆದುದರಿಂದ ಸುತ್ತಲಿನ ಒಳ್ಳೆಯ ಗ್ರಂಥಿಯನ್ನೂ ಸೇರಿಸಿಯೇ ತೆಗೆಯುತ್ತೇನೆ.

ಮುಖದ ಸ್ನಾಯುಗಳನ್ನು ಆಡಿಸುವ ನರ ಈ ಗ್ರಂಥಿಯ ನಡುವೆಯೇ ಹಾದು ಐದು ಮುಖ್ಯ ಕವಲುಗಳಾಗುತ್ತದೆ. ನರವನ್ನು ವಿದ್ಯುತ್ ಉತ್ತೇಜಕದಿಂದ ಮುಟ್ಟಿ ಮುಖದ ಸ್ನಾಯು ಮಿಡಿಯುವುದೇ ಎಂದು ಪರೀಕ್ಷಿಸಬೇಕಾದುದರಿಂದ, ಸ್ನಾಯು ಸಡಿಲಿಸುವ ಮದ್ದಿನ ಪ್ರಭಾವ ಆ ಹೊತ್ತಿಗೆ ಇಳಿದಿರಬೇಕೆಂದು ಅರಿವಳಿಕೆ ವೈದ್ಯರಿಗೆ ಮುಂಚಿತವಾಗಿಯೇ ಹೇಳಿರುತ್ತೇನೆ. ಕಿವಿಯ ಮುಂದಿನಿಂದ ಹಾಲೆಯನ್ನು ಸುತ್ತಿ ಕತ್ತಿಗಿಳಿಯುವ ಗಾಯ ಮಾಡಿ, ಚರ್ಮವನ್ನು ಎತ್ತಿ, ಕಿವಿಯ ಮೃದ್ವಸ್ಥಿಯ ಚೂಪುತುದಿಯನ್ನೂ ಕೆಳಗಿನ ಡೈಗ್ಯಾಸ್ಟ್ರಿಕ್ ಸ್ನಾಯುವನ್ನೂ ಗುರುತಿಸಿಕೊಳ್ಳುತ್ತೇನೆ. ನರದ ಕಾಂಡ ಆ ತುದಿಯಿಂದ ಸುಮಾರು 1 ಸೆಂಟಿಮೀಟರ್ ಆಳದಲ್ಲಿ, ತುಸು ಕೆಳಗೆ ಸಿಗುತ್ತದೆ. ಹಸಿಯಾಗಿ ಹೊಳೆಯುವ ಬಿಳಿ ದಾರದಂತಿರುವ ಅದು ಕಣ್ಣಿಗೆ ಬೀಳುವ ತನಕ ನಮ್ಮ ಥಿಯೇಟರಿನಲ್ಲಿ ಯಾರೂ ಹೆಚ್ಚು ಮಾತಾಡುವುದಿಲ್ಲ. ಅನಂತರ ಕವಲುಗಳ ಜಾಡು ಹಿಡಿದು, ತುದಿ ಬಾಗಿದ ಸಣ್ಣ ಫೋರ್ಸೆಪ್ಸ್ ಅನ್ನು ನರದ ಮೇಲೆ ಬಿಡಿಸುತ್ತ, ಕಣ್ಣಿಗೆ ಕಾಣುವಷ್ಟು ಅಂಗಾಂಶವನ್ನು ಮಾತ್ರ ಕತ್ತರಿಸುತ್ತ ಗ್ರಂಥಿಯನ್ನು ಮೇಲೆತ್ತುತ್ತೇನೆ. ಆ ಹಿರಿಯರಲ್ಲಿ ಕೆಳದವಡೆಯ ಅಂಚಿನ ಕವಲು ಗಡ್ಡೆಗೆ ಒತ್ತಿಕೊಂಡೇ ಇತ್ತು. ಅದನ್ನು ಬಿಡಿಸುವುದಕ್ಕೇ ಬಹಳ ಹೊತ್ತು ಹಿಡಿಯಿತು, ಕೆಲ ವಾರ ಅವರ ಕೆಳತುಟಿ ಒಂದು ಬದಿಗೆ ಸೊಟ್ಟಗಾಗಿ ಬಳಿಕ ಸರಿಹೋಯಿತು.

ಕಿವಿಯ ಹಾಲೆ ಮರಗಟ್ಟಬಹುದೆಂದೂ, ಮುಂದೆ ಊಟ ಮಾಡುವಾಗ ಆ ಕೆನ್ನೆ ಬೆವರಬಹುದೆಂದೂ ಮೊದಲೇ ಹೇಳಿಡುತ್ತೇನೆ. ಜೊಲ್ಲುಗ್ರಂಥಿಗೆ ಹೋಗುತ್ತಿದ್ದ ನರತಂತುಗಳು ಮರಳಿ ಬೆಳೆಯುವಾಗ ಚರ್ಮದ ಬೆವರುಗ್ರಂಥಿಗಳನ್ನು ಸೇರಿಕೊಳ್ಳುವುದೇ ಇದಕ್ಕೆ ಕಾರಣ. ತೀರ ತೊಂದರೆಯಾದರೆ ಬೊಟುಲಿನಮ್ ಚುಚ್ಚುಮದ್ದು ಕೆಲಸ ಮಾಡುತ್ತದೆ.

ಕ್ಯಾನ್ಸರ್ ಆಗಿದ್ದರೆ ಲೆಕ್ಕ ಬೇರೆ. ಆಗಲೂ ಕೆಲಸ ಮಾಡುತ್ತಿರುವ, ಗಡ್ಡೆಯೊಳಗೆ ಸಿಲುಕದ ನರವನ್ನು ಉಳಿಸಲು ನೋಡುತ್ತೇನೆ. ಉಗ್ರ ಬಗೆಯದಾದರೆ ಅಥವಾ ಅಂಚಿನಲ್ಲಿ ಗಡ್ಡೆ ಉಳಿದಿದ್ದರೆ ವಿಕಿರಣ ಚಿಕಿತ್ಸೆಗೆ ಕಳುಹಿಸುತ್ತೇನೆ. ಅಡಿನಾಯ್ಡ್ ಸಿಸ್ಟಿಕ್ ಎಂಬ ಬಗೆಯ ಕ್ಯಾನ್ಸರ್ ನರಗಳ ಗುಂಟ ಹರಿದು, ಹತ್ತು ವರ್ಷ ದಾಟಿದ ಮೇಲೂ ಶ್ವಾಸಕೋಶದಲ್ಲಿ ಕಾಣಿಸಿಕೊಳ್ಳಬಲ್ಲದು. ಇಲ್ಲಿನ ನಮ್ಮವರಲ್ಲಿ ಅನೇಕರು ನಿವೃತ್ತಿಯ ಬಳಿಕ ಊರು ಸೇರುವುದರಿಂದ, ಶಸ್ತ್ರಚಿಕಿತ್ಸೆಯ ಟಿಪ್ಪಣಿ ಮತ್ತು ಬಯಾಪ್ಸಿ ವರದಿಯ ಒಂದೊಂದು ಪ್ರತಿಯನ್ನು ಮನೆಯವರ ಕೈಗೂ ಕೊಟ್ಟು, ಉಡುಪಿಯಲ್ಲಾಗಲಿ ಮಂಗಳೂರಿನಲ್ಲಾಗಲಿ ಮುಂದಿನ ತಪಾಸಣೆ ಎಲ್ಲಿ ಮಾಡಿಸುತ್ತೀರೆಂದು ಕೇಳಿ ಬರೆದಿಟ್ಟುಕೊಳ್ಳುತ್ತೇನೆ.