ಬಾಗಿಲು ತಟ್ಟುವ ಮೊದಲೇ ಎರಡನೇ ಭೇಟಿಯ ದಿನ ಗೊತ್ತುಮಾಡಿ

ಕ್ಷಯ, ಎಚ್‌ಐವಿ, ಹೆಪಟೈಟಿಸ್ ಸಿ ಪತ್ತೆಹಚ್ಚುವ ಮನೆಮನೆ ಪರೀಕ್ಷೆಗೆ ಬರುವ ಮೊದಲು ನಾನು ಲ್ಯಾಬ್ ತಂತ್ರಜ್ಞೆಯಾಗಿದ್ದೆ. ಹೊರಗಿನಿಂದ ಬರುತ್ತಿದ್ದ ಕಫದ ಡಬ್ಬಿಗಳಲ್ಲಿ ಎಷ್ಟೋ ಬಾರಿ ಬರೀ ಎಂಜಲು ಇರುತ್ತಿತ್ತು. ‘ಈ ಜನಕ್ಕೆ ಎಷ್ಟು ಹೇಳಿದರೂ ಅಷ್ಟೇ’ ಎಂದು ಗೊಣಗುತ್ತಿದ್ದೆ. ಆಮೇಲೆ ನಾನೇ ಚೀಲ ಹೆಗಲಿಗೆ ಹಾಕಿಕೊಂಡು ನಗರದ ಇಕ್ಕಟ್ಟಿನ ಓಣಿಗಳಿಗೆ ಇಳಿದಾಗ ಗೊತ್ತಾಯಿತು, ಅವರಿಗೆ ಯಾರೂ ಏನೂ ಹೇಳಿರಲಿಲ್ಲ. ಡಬ್ಬಿ ಕೈಗಿಟ್ಟು ‘ಇದರಲ್ಲಿ ಉಗುಳಿ’ ಎಂದಿದ್ದರು. ಉಗುಳಿ ಎಂದರೆ ಜನ ಉಗುಳುತ್ತಾರೆ.

ಹಾಗಾಗಿ ಹೊಸ ತಂಡಗಳಿಗೆ ನಾನು ಕೆಲಸವನ್ನು ಹಿಂದಿನಿಂದ ಮುಂದಕ್ಕೆ ಕಲಿಸುತ್ತೇನೆ. ಕಿಟ್ ಎಣಿಸುವ ಮೊದಲು ಒಂದು ಹಾಳೆಯ ಮೇಲೆ ಬರೆದುಕೊಳ್ಳಿ: ಮಾದರಿ ಯಾವ ಲ್ಯಾಬಿಗೆ ಹೋಗುತ್ತದೆ, ಎಷ್ಟು ಹೊತ್ತಿಗೆ ತಲುಪಬೇಕು, ವರದಿಯನ್ನು ಮನೆಗೆ ಯಾರು ಒಯ್ಯುತ್ತಾರೆ, ಸೋಂಕು ಖಚಿತವಾದರೆ ಔಷಧ ಎಲ್ಲಿ, ಜೊತೆಗೆ ಹೋಗುವವರು ಯಾರು. ಒಂದು ಸಾಲು ಖಾಲಿ ಉಳಿದರೂ ಓಣಿಗೆ ಕಾಲಿಡಬೇಡಿ. ಒಮ್ಮೆ ನಾವು ಕಾಲಿಟ್ಟೆವು. ವರದಿ ಬರುವುದು ಮೂರು ವಾರ ತಡವಾಯಿತು. ಮುಂದಿನ ಸಲ ಅದೇ ಓಣಿಯಲ್ಲಿ ನಮ್ಮನ್ನು ಕಂಡೊಡನೆ ಬಾಗಿಲುಗಳು ಮುಚ್ಚಿಕೊಂಡವು. ತಪ್ಪು ಅವರದಾಗಿರಲಿಲ್ಲ.

ನಕ್ಷೆಯನ್ನು ನಡೆದೇ ಮಾಡಿ. ಮಹಡಿಯ ಮೇಲಿನ ಒಂಟಿ ಕೋಣೆ, ಹಿತ್ತಲ ಬಾಗಿಲಿನ ಬಾಡಿಗೆಯವರು, ಕೆಲಸದ ಜಾಗದಲ್ಲೇ ಮಲಗುವವರು, ಇವರಾರೂ ಕಚೇರಿಯ ಪಟ್ಟಿಯಲ್ಲಿ ಸಿಗುವುದಿಲ್ಲ. ಹೊತ್ತೂ ಮುಖ್ಯ. ಮೊದಲ ತಿಂಗಳು ಹಗಲಿನಲ್ಲೇ ತಿರುಗಿದ ನಮಗೆ ಸಿಕ್ಕವರು ಹೆಂಗಸರು ಮತ್ತು ಮುದುಕರು. 2013ರಿಂದ 2018ರವರೆಗೆ ಜಾಂಬಿಯಾ ಮತ್ತು ದಕ್ಷಿಣ ಆಫ್ರಿಕಾದ 21 ಸಮುದಾಯಗಳಲ್ಲಿ ನಡೆದ ಪಾಪ್‌ಆರ್ಟ್ ಅಧ್ಯಯನದಲ್ಲೂ ಎಚ್‌ಐವಿ ಪರೀಕ್ಷೆಗೆ ಮನೆಗೆ ಹೋದ ಕಾರ್ಯಕರ್ತರಿಗೆ ಗಂಡಸರೇ ಕೈಗೆ ಸಿಗದವರು. ಸಂಜೆಗೂ ರಜೆಯ ದಿನಕ್ಕೂ ಪಾಳಿ ಹಾಕಿಕೊಳ್ಳಿ. ಸುಸ್ತಾಗುತ್ತದೆ, ನಿಜ.

ಯಾವ ಮನೆಯನ್ನೂ ಬಿಡಬೇಡಿ. ಆಯ್ದ ನಾಲ್ಕು ಮನೆಗಳಿಗೆ ಮಾತ್ರ ಹೋದರೆ ಆ ನಾಲ್ಕರ ಮೇಲೆ ಇಡೀ ಓಣಿಯ ಕಣ್ಣು ಬೀಳುತ್ತದೆ. ಅಂಗಿಯ ಮೇಲೆ, ಚೀಲದ ಮೇಲೆ ರೋಗದ ಹೆಸರು ಇರಬಾರದು. ಹೊಸ್ತಿಲಲ್ಲಿ ನಿಂತು ಆ ಹೆಸರನ್ನು ಕೂಗಲೂಬಾರದು.

‘ಕೆಮ್ಮು ಇದೆಯೇ?’ ಎಂದು ಕೇಳಿದರೆ ‘ಇಲ್ಲ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಒಬ್ಬ ಅಜ್ಜ ಹಾಗೆ ಹೇಳಿ ಮುಗಿಸುವಷ್ಟರಲ್ಲಿ ಒಳಗಿನಿಂದ ಸೊಸೆ, ‘ಮಾವ, ರಾತ್ರಿಯೆಲ್ಲ ಎದ್ದು ಕೂರುವವರು ಯಾರು?’ ಎಂದಳು. ಅಂದಿನಿಂದ ನಾನು ಮೊದಲು ನಿದ್ದೆಯ ಬಗ್ಗೆ ಕೇಳುತ್ತೇನೆ, ಬಟ್ಟೆ ಸಡಿಲವಾಗಿದೆಯೇ, ರಾತ್ರಿ ಬೆವರುತ್ತದೆಯೇ ಎಂದು ಕೇಳುತ್ತೇನೆ, ಆಮೇಲೆ ಕೆಮ್ಮು. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಆಗಲೇಬೇಕು. ಆದರೆ ಲಕ್ಷಣಗಳೇ ಕಾಣದ ಕ್ಷಯವೂ ಇದೆ. ವಿಯೆಟ್ನಾಮಿನ ಕಾ ಮಾವ್ ಪ್ರಾಂತದಲ್ಲಿ ಲಕ್ಷಣ ನೋಡದೆ ಎಲ್ಲ ವಯಸ್ಕರನ್ನೂ ವರ್ಷಕ್ಕೊಮ್ಮೆಯಂತೆ ಮೂರು ವರ್ಷ ಪರೀಕ್ಷಿಸಿದರು. ನಾಲ್ಕನೇ ವರ್ಷ ಅಲ್ಲಿ ಕ್ಷಯ, ಹಾಗೆ ಪರೀಕ್ಷಿಸದ ಊರುಗಳಿಗಿಂತ ಸುಮಾರು ಶೇ 44ರಷ್ಟು ಕಡಿಮೆಯಿತ್ತು. ನಿಮಗೆ ಅಷ್ಟು ಬಲ ಇಲ್ಲದಿದ್ದರೆ ರೋಗಿಯ ಜೊತೆ ವಾಸಿಸುವವರನ್ನಾದರೂ, ಲಕ್ಷಣ ಇರಲಿ ಬಿಡಲಿ, ಎಕ್ಸ್-ರೇಗೆ ಕಳಿಸಿ.

ಇನ್ನು ಕಫ. ಬಾಯಿಯನ್ನು ನೀರಿನಿಂದ ಮುಕ್ಕಳಿಸಲು ಹೇಳಿ. ಎರಡು ಮೂರು ಸಲ ಉಸಿರನ್ನು ಆಳವಾಗಿ ಎಳೆದು, ತಡೆದು, ಬಿಡಲಿ. ನಂತರ ಎದೆಯ ಬುಡದಿಂದ ಕೆಮ್ಮಲಿ. ಹೇಗೆಂದು ನೀವೇ ಮಾಡಿ ತೋರಿಸಿ, ನಾಚಿಕೆ ಬೇಡ. ಇದು ಬಯಲಿನಲ್ಲೇ ಆಗಬೇಕು. ಕೋಣೆಯೊಳಗೆ ಬೇಡ, ಬಚ್ಚಲುಮನೆಯಲ್ಲಂತೂ ಬೇಡವೇ ಬೇಡ. ಗಾಳಿ ನಿಮ್ಮ ಕಡೆಯಿಂದ ಅವರತ್ತ ಬೀಸುವಂತೆ ನಿಲ್ಲಿ. ಬೆಳಗ್ಗೆ ಎದ್ದ ಕೂಡಲೇ ತೆಗೆದ ಕಫ ಎಲ್ಲಕ್ಕಿಂತ ಒಳ್ಳೆಯದು, ಆದ್ದರಿಂದ ಹಿಂದಿನ ಸಂಜೆಯೇ ಡಬ್ಬಿ ಕೊಟ್ಟು ಬನ್ನಿ. ಅಂಟಂಟಾಗಿ, ಗಟ್ಟಿಯಾಗಿ ಇದ್ದರೆ ಅದು ಕಫ. ನೀರಿನಂತೆ ತೆಳ್ಳಗೆ, ನೊರೆಯಾಗಿ ಇದ್ದರೆ ಮತ್ತೊಂದು ಡಬ್ಬಿ ಕೊಡಿ. ಹೆಸರಿನ ಚೀಟಿಯನ್ನು ಡಬ್ಬಿಯ ಮೈಗೆ ಅಂಟಿಸಿ. ಮುಚ್ಚಳಕ್ಕೆ ಅಂಟಿಸಿದ ಚೀಟಿಗಳಿಂದ ಲ್ಯಾಬಿನಲ್ಲಿ ಯಾರ ಕಫ ಯಾರದೆಂದು ತಿಳಿಯದೆ ನಾನು ಪಟ್ಟ ಪಾಡು ನನಗೇ ಗೊತ್ತು. ತಂಪು ಪೆಟ್ಟಿಗೆಯಲ್ಲಿಟ್ಟು ಅಂದೇ ಕಳಿಸಿ. ಕಫದಲ್ಲಿ ಕ್ಷಯದ ರೋಗಾಣುವನ್ನು ಹುಡುಕುವ ಜೀನ್‌ಎಕ್ಸ್‌ಪರ್ಟ್ ಯಂತ್ರಕ್ಕೆ ಬೇಕಾಗುವುದು ಸುಮಾರು ಎರಡು ಗಂಟೆ, ಉಳಿದ ದಿನಗಳೆಲ್ಲ ಕಳೆಯುವುದು ದಾರಿಯಲ್ಲಿ.

ಎಚ್‌ಐವಿ, ಹೆಪಟೈಟಿಸ್ ಸಿಗಾಗಿ ಬೆರಳು ಚುಚ್ಚುವ ಪರೀಕ್ಷೆಗೆ ನಡುಬೆರಳು ಇಲ್ಲವೇ ಉಂಗುರಬೆರಳಿನ ತುದಿಯ ಪಕ್ಕ ಸಾಕು. ಮೊದಲ ಹನಿ ಒರೆಸಿ ಎರಡನೆಯದನ್ನು ತೆಗೆದುಕೊಳ್ಳಿ. ಚುಚ್ಚಿದ ಸೂಜಿ ನೇರವಾಗಿ ಗಟ್ಟಿ ಡಬ್ಬಿಗೆ ಬೀಳಬೇಕು. ಕಿಟ್ಟಿನ ಮೇಲೆ ಬರೆದ ಉಷ್ಣಾಂಶವನ್ನು ಓದಿ. ಒಂದು ಮಧ್ಯಾಹ್ನ ನಾನು ಚೀಲವನ್ನು ಬಿಸಿಲಲ್ಲಿ ಬಿಟ್ಟು, ಇಡೀ ಪೆಟ್ಟಿಗೆ ಕಿಟ್ ಬಿಸಾಡಬೇಕಾಯಿತು. ಕಿಟ್ ಸರಿಯಾಗಿ ಕೆಲಸ ಮಾಡಿದೆ ಎಂದು ತೋರಿಸುವ ನಿಯಂತ್ರಣ ಗೆರೆ ಮೂಡದಿದ್ದರೆ ಆ ಪರೀಕ್ಷೆ ನಡೆದೇ ಇಲ್ಲವೆಂದು ತಿಳಿಯಿರಿ. ಹೇಳಿದ ಸಮಯ ದಾಟಿದ ಮೇಲೆ ಕಾಣುವ ಗೆರೆಯನ್ನು ನಂಬಬೇಡಿ.

ಮನೆಯಲ್ಲಿ ಸಿಗದವರಿಗೆ ಎಚ್‌ಐವಿ ಸ್ವಯಂ ಪರೀಕ್ಷೆಯ ಕಿಟ್ ಬಿಟ್ಟು ಬರಬಹುದು. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲೇ ಸ್ವಯಂ ಪರೀಕ್ಷೆಯನ್ನು ಶಿಫಾರಸು ಮಾಡಿದೆ. ಎರಡು ಮಾತು ಬರೆದಿಟ್ಟು ಬನ್ನಿ: ನಿಯಂತ್ರಣ ಗೆರೆಯ ಜೊತೆ ಇನ್ನೊಂದು ಗೆರೆ ಬಂದರೆ ಲ್ಯಾಬಿನಲ್ಲಿ ಖಚಿತಪಡಿಸಿಕೊಳ್ಳಬೇಕು, ಬಾರದಿದ್ದರೂ, ಸೋಂಕು ತಗುಲಿರಬಹುದಾದ ಸಂದರ್ಭ ಈಚಿನ ಮೂರು ತಿಂಗಳಿನದಾದರೆ ಮತ್ತೊಮ್ಮೆ ಪರೀಕ್ಷಿಸಬೇಕು. ಹೆಪಟೈಟಿಸ್ ಸಿ ಪ್ರತಿಕಾಯ ಕಂಡವರಿಗೂ ಇಂಥದೇ ಎಚ್ಚರ ಬೇಕು. ಸುಮಾರು ಶೇ 30 ಮಂದಿಯ ದೇಹ ಆ ವೈರಸನ್ನು ತಾನಾಗಿಯೇ ಹೊರಹಾಕಿರುತ್ತದೆ, ಆದ್ದರಿಂದ ವೈರಸ್ ಈಗಲೂ ರಕ್ತದಲ್ಲಿದೆಯೇ ಎಂದು ನೋಡುವ ಆರ್‌ಎನ್‌ಎ ಪರೀಕ್ಷೆ ಆಗುವವರೆಗೆ ‘ನಿಮಗೆ ರೋಗ ಇದೆ’ ಎನ್ನಬೇಡಿ.

ಒಂದೇ ಕೋಣೆಯ ಮನೆಯಲ್ಲಿ ಗುಟ್ಟು ಕಾಯುವುದು ಹೇಗೆ? ನನ್ನ ಜೊತೆಗಾರ್ತಿ ಉಳಿದವರನ್ನು ಅಂಗಳದಲ್ಲಿ ವಯಸ್ಸು, ಹೆಸರು ಬರೆಸುವ ನೆಪದಲ್ಲಿ ಕೂರಿಸಿಕೊಳ್ಳುತ್ತಾಳೆ. ನಾನು ಒಳಗೆ ಒಬ್ಬೊಬ್ಬರ ಬಳಿ ಮಾತಾಡುತ್ತೇನೆ. ಫಲಿತಾಂಶವನ್ನು ಗಂಡನಿಗಾಗಲಿ ಅತ್ತೆಗಾಗಲಿ ಹೇಳುವುದಿಲ್ಲ. ಪರೀಕ್ಷೆ ಬೇಡ ಎಂದವರ ಬಳಿ ವಾದಕ್ಕೆ ನಿಲ್ಲುವುದಿಲ್ಲ, ಇನ್ನೊಮ್ಮೆ ಬರಬಹುದೇ ಎಂದಷ್ಟೇ ಕೇಳುತ್ತೇನೆ.

ಎದ್ದು ಹೊರಡುವ ಮೊದಲು ಮತ್ತೆ ಬರುವ ದಿನ, ಹೊತ್ತು ಎರಡನ್ನೂ ಹೇಳಿ. ವರದಿ ಬಂದಿರದಿದ್ದರೂ ಆ ದಿನ ಹೋಗಿ, ಬಂದಿಲ್ಲ ಎಂದು ಹೇಳಿ ಬನ್ನಿ. ತಂಡದ ದಾಖಲೆ ಪುಸ್ತಕದಲ್ಲಿ ಎಷ್ಟು ಬಾಗಿಲು, ಎಷ್ಟು ಮಾದರಿ ಎಂಬ ಅಂಕಣಗಳು ಮೊದಲೇ ಇದ್ದವು. ನಾನು ಕೊನೆಯಲ್ಲಿ ಸ್ಕೇಲಿಟ್ಟು ಇನ್ನೆರಡು ಗೆರೆ ಎಳೆದೆ: ವರದಿ ಕೈಗೆ ಕೊಟ್ಟ ದಿನ, ಮೊದಲ ಮಾತ್ರೆ ನುಂಗಿದ ದಿನ. ಪ್ರತಿ ಶನಿವಾರ ಆ ಎರಡು ಅಂಕಣಗಳಲ್ಲಿ ಖಾಲಿ ಇರುವ ಮನೆಗಳಿಗೆ ಮೊದಲು ಹೋಗುತ್ತೇವೆ, ಹೊಸ ಓಣಿ ಆಮೇಲೆ.